ಬೇಸ್‌ಮೆಂಟ್‌ನಲ್ಲಿ ದೊಡ್ಡ ಅಕ್ವೇರಿಯಂ: ಟ್ಯಾಂಕ್ ಕೊನೆಗೆ ತನ್ನಿ

ಪ್ರಶ್ನೆ: ನಮ್ಮದು 30x40 ಸೈಟಿನ ಮನೆ. ಜಾಗ ಇಳಿಜಾರಾಗಿದ್ದ ಕಾರಣ ಕಟ್ಟುವಾಗಲೇ ಕೆಳಗೊಂದು ಬೇಸ್‌ಮೆಂಟ್ ಬಂತು. ಮೂರು ಕಡೆ ಮಣ್ಣು, ಒಂದು ಕಡೆ ಮಾತ್ರ ಬಾಗಿಲು. ಈಗ ಅಲ್ಲಿ ಹಳೇ ಸಾಮಾನು ತುಂಬಿದೆ. ಅದನ್ನೆಲ್ಲ ತೆಗೆದು 8 ಅಡಿ ಉದ್ದ, 3 ಅಡಿ ಅಗಲ, ಎರಡೂವರೆ ಅಡಿ ಎತ್ತರದ ಅಕ್ವೇರಿಯಂ ಇಡಬೇಕು ಅಂತ ಮಗನ ಆಸೆ. ನನಗೂ ಇದೆ ಅನ್ನಿ. ಟ್ಯಾಂಕಿಗೆ ಅಡ್ವಾನ್ಸ್ ಕೊಡುವವರಿದ್ದೇವೆ. ಮಳೆಗಾಲದಲ್ಲಿ ಗೋಡೆ ಸ್ವಲ್ಪ ತೇವ ಆಗಿ ಪೇಂಟ್ ಉದುರುತ್ತದೆ. ವಾಟರ್‌ಪ್ರೂಫ್ ಪೇಂಟ್ ಹೊಡೆಸಿ, ಜಿಪ್ಸಂ ಸೀಲಿಂಗ್ ಮಾಡಿಸಿದರೆ ಸಾಕಾ?
– ಓದುಗರೊಬ್ಬರು, ರಾಜರಾಜೇಶ್ವರಿ ನಗರ, ಬೆಂಗಳೂರು

ಉತ್ತರ: ಸಾಲದು. ಅಡ್ವಾನ್ಸ್ ಈಗಲೇ ಕೊಡಬೇಡಿ. ಗೋಡೆ ಸರಿಮಾಡಿಸಿದ ಮೇಲೆ ಒಂದು ಮಳೆಗಾಲ ಕಳೆಯಲಿ, ಆಮೇಲೆ ಟ್ಯಾಂಕಿನ ಮಾತು. ಮಗನಿಗೆ ಬೇಜಾರಾಗಬಹುದು, ಆದರೂ ಇದೇ ಸರಿ.

ಮೊದಲು ಒಳ್ಳೆಯ ಸುದ್ದಿ. ನೀವು ಆರಿಸಿದ ಜಾಗ ಭಾರದ ಲೆಕ್ಕದಲ್ಲಿ ಬಹಳ ಒಳ್ಳೆಯದು. ನೀವು ಹೇಳಿದ ಅಳತೆಗೆ ಸುಮಾರು 1,700 ಲೀಟರ್ ನೀರು ಹಿಡಿಯುತ್ತದೆ, ಅಂದರೆ 1,700 ಕೆಜಿ. ಗಾಜು, ಸ್ಟ್ಯಾಂಡು, ಮರಳು, ಕಲ್ಲು ಸೇರಿದರೆ ಎರಡು ಟನ್ ದಾಟುತ್ತದೆ. ಮನೆಯ ಮೇಲಿನ ಮಹಡಿಗಳ ಸ್ಲ್ಯಾಬನ್ನು ಸಾಮಾನ್ಯವಾಗಿ ಚದರ ಮೀಟರಿಗೆ 200 ಕೆಜಿ ಬಳಕೆಯ ಭಾರಕ್ಕೆ ಲೆಕ್ಕ ಹಾಕಿರುತ್ತಾರೆ, ನಿಮ್ಮ ಟ್ಯಾಂಕ್ ತಾನು ಕೂತ ಜಾಗದಲ್ಲಿ ಅದರ ನಾಲ್ಕೈದು ಪಟ್ಟು ಒತ್ತುತ್ತದೆ. ಬೇಸ್‌ಮೆಂಟ್ ನೆಲದ ಕೆಳಗೆ ನೇರ ಮಣ್ಣೇ ಇರುವುದರಿಂದ ಆ ತಲೆನೋವು ಕಡಿಮೆ. ಆದರೆ ನೆಲ ಎಲ್ಲೂ ಕುಸಿದಿರಬಾರದು, ಟೈಲ್ ಬಡಿದರೆ ಟೊಳ್ಳು ಸದ್ದು ಬರಬಾರದು. ಅಡಿಯಲ್ಲಿ ನೀರಿನ ಸಂಪು ಇದ್ದರಂತೂ ಅದರ ಮುಚ್ಚಳದ ಸ್ಲ್ಯಾಬಿನ ಮೇಲೆ ಟ್ಯಾಂಕ್ ಇಡಲೇಬೇಡಿ.

ಇನ್ನು ಗೋಡೆ. ನಿಮ್ಮ ಕಡೆ ಮಣ್ಣು ನೀರು ಕುಡಿದು ಹೊರಗಿನಿಂದ ಗೋಡೆಯನ್ನು ಒತ್ತುತ್ತಿದೆ. ಒಳಗಿನಿಂದ ಪೇಂಟ್ ಹೊಡೆದರೆ ಆ ಒತ್ತಡ ಪೇಂಟನ್ನೇ ಗುಳ್ಳೆ ಎಬ್ಬಿಸಿ ಕಳಚುತ್ತದೆ. ಪೇಂಟ್ ಉದುರುತ್ತದೆ ಅಂತ ನೀವೇ ಬರೆದಿದ್ದೀರಲ್ಲ, ಅದು ಇದೇ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಒಣಗಿದ ಗೋಡೆಗೆ ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಹಿಂದೆ ಹನಿ ಕಂಡರೆ ನೀರು ಗೋಡೆಯಿಂದ ಬರುತ್ತಿದೆ. ಮುಂದೆ ಕಂಡರೆ ಕೋಣೆಯ ಗಾಳಿಯ ತೇವ, ಅದಕ್ಕೆ ಗಾಳಿಯಾಡಿಸಿದರೆ ಆಯಿತು. ಇದನ್ನೇ ಮಾರ್ಚ್ ತಿಂಗಳಲ್ಲಿ ಇನ್ನೊಮ್ಮೆ ಮಾಡಿ. ಮಳೆಯೇ ಇಲ್ಲದ ಕಾಲದಲ್ಲೂ ಗೋಡೆ ಒದ್ದೆಯಾಗಿದ್ದರೆ ಮಳೆಯನ್ನು ಬೈಯಬೇಡಿ, ಪಕ್ಕದ ಸಂಪೋ ಒಡೆದ ಪೈಪೋ ಸೋರುತ್ತಿರುತ್ತದೆ. ಬೆಂಗಳೂರಿನ ಮನೆಗಳಲ್ಲಿ ಇದು ಜಾಸ್ತಿ.

ಸರಿಯಾದ ರಿಪೇರಿ ಅಂದರೆ ಹೊರಗಡೆ ಅಗೆದು ಗೋಡೆಯ ಹೊರಮೈಗೆ ವಾಟರ್‌ಪ್ರೂಫಿಂಗ್ ಮಾಡಿಸುವುದು. ಪಕ್ಕದ ಮನೆ ಅಂಟಿಕೊಂಡಿದ್ದರೆ ಅದು ಆಗದ ಮಾತು. ಆಗ ಗೋಡೆ ಯಾವುದು ಅಂತ ನೋಡಿ. ಕಾಂಕ್ರೀಟ್ ಗೋಡೆಯಾದರೆ ಪ್ಲಾಸ್ಟರ್ ಕೆತ್ತಿಸಿ, ಬಿರುಕು ಮತ್ತು ಗೋಡೆ–ನೆಲ ಸೇರುವ ಮೂಲೆಗೆ ಗ್ರೌಟಿಂಗ್ (ಸಿಮೆಂಟ್ ಅಥವಾ ರಾಸಾಯನಿಕ ಒತ್ತಿ ತುಂಬಿಸುವುದು) ಮಾಡಿಸಿ, ಮೇಲೆ ಕ್ರಿಸ್ಟಲೈನ್ ಕೋಟಿಂಗ್ ಹಾಕಿಸಬಹುದು. ಅದು ಕಾಂಕ್ರೀಟಿನ ಸಣ್ಣ ರಂಧ್ರಗಳೊಳಗೆ ಹೋಗಿ ಗಟ್ಟಿಯಾಗುತ್ತದೆ. ಸೈಜುಗಲ್ಲಿನ ಗೋಡೆಗೆ ಈ ಆಟ ನಡೆಯುವುದಿಲ್ಲ. ಅಲ್ಲಿ ನೀರನ್ನು ತಡೆಯುವ ಹಟ ಬಿಟ್ಟು ಗೋಡೆಯ ಬುಡದಲ್ಲಿ ಸಣ್ಣ ಕಾಲುವೆ ತೆಗೆಸಿ, ಮೂಲೆಯ ಗುಂಡಿಗೆ ಇಳಿಸಿ, ಫ್ಲೋಟ್ ಸ್ವಿಚ್ (ನೀರು ಏರಿದಾಗ ತಾನಾಗಿ ಆನ್ ಆಗುವ ಸ್ವಿಚ್) ಇರುವ ಸಬ್‌ಮರ್ಸಿಬಲ್ ಪಂಪಿನಿಂದ ಮೇಲೆ ಎತ್ತಿಸಿ. ಟ್ಯಾಂಕನ್ನು ಗೋಡೆಯಿಂದ ಎರಡಡಿ ದೂರ ಇಡಿ. ಹಿಂದೆ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ ಹೇಗೂ ಬೇಕು, ಫಿಲ್ಟರ್ ತೊಳೆಯುವವರು ಯಾರು ಅಂತ ನೆನಪಿರಲಿ.

ಆ ಗುಂಡಿ ಮತ್ತು ಪಂಪು ಒಣ ಗೋಡೆ ಇದ್ದವರಿಗೂ ಬೇಕು. ಇಷ್ಟು ದೊಡ್ಡ ಟ್ಯಾಂಕಿನಲ್ಲಿ ವಾರಕ್ಕೆ ಐದನೇ ಒಂದು ಭಾಗ ನೀರು ಬದಲಿಸಿದರೂ 340 ಲೀಟರ್ ಆಯಿತು. ಬಕೆಟ್ಟಿನಲ್ಲಿ ಮೆಟ್ಟಿಲು ಹತ್ತಿಸುವ ಉತ್ಸಾಹ ಎರಡು ವಾರ ಇರುತ್ತದೆ. ಬೇಸ್‌ಮೆಂಟ್ ನೆಲ ರಸ್ತೆಯ ಯುಜಿಡಿಗಿಂತ (ಒಳಚರಂಡಿಗಿಂತ) ಕೆಳಗಿದ್ದರೆ ನೀರು ತಾನಾಗಿ ಹೊರಗೆ ಹೋಗುವುದಿಲ್ಲ, ಜೋರು ಮಳೆಗೆ ಅಲ್ಲಿಂದ ಇಲ್ಲಿಗೇ ವಾಪಸ್ ಬರಬಹುದು. ಹಾಗಾಗಿ ಪೈಪಿಗೆ ನಾನ್‌ರಿಟರ್ನ್ ವಾಲ್ವ್ ಹಾಕಿಸಿ. 2022ರ ಸೆಪ್ಟೆಂಬರ್ ಮಳೆಯಲ್ಲಿ ನಗರದ ಪೂರ್ವ ಭಾಗದ ಬೇಸ್‌ಮೆಂಟ್‌ಗಳು ಹೇಗೆ ತುಂಬಿದವು ಅಂತ ನೋಡಿದ್ದೇವೆ. ನಿಮ್ಮಲ್ಲೂ ಬಾಗಿಲ ಮುಂದೆ ಅಡ್ಡ ಚರಂಡಿ ಮತ್ತು ಒಂದು ಸಣ್ಣ ಏರು ಇರಲಿ. ಬದಲಿಸಿದ ನೀರನ್ನು ಗಿಡಕ್ಕೆ ಹಾಕಿ, ನೈಟ್ರೇಟ್ ಇರುವುದರಿಂದ ಒಳ್ಳೆಯ ಗೊಬ್ಬರ.

ಜಿಪ್ಸಂ ಸೀಲಿಂಗ್ ಬಿಡಿ. ಟ್ಯಾಂಕಿನಿಂದ ದಿನಾ ಲೀಟರುಗಟ್ಟಲೆ ನೀರು ಆವಿಯಾಗುತ್ತದೆ, ಮುಚ್ಚಿದ ಕೋಣೆಯಲ್ಲಿ ಅದು ಸೀಲಿಂಗಿಗೆ ಹತ್ತಿ ಬೂಷ್ಟು ಹಿಡಿಯುತ್ತದೆ. ಬರಿ ಸ್ಲ್ಯಾಬಿಗೆ ಪೇಂಟ್ ಸಾಕು. ಟ್ಯಾಂಕಿಗೆ ಗಾಜಿನ ಮುಚ್ಚಳ, ಗೋಡೆಗೆ ಎಕ್ಸಾಸ್ಟ್ ಫ್ಯಾನ್. ಬಿಸಿಲು ನೇರ ಬೀಳದ ಕಾರಣ ಪಾಚಿ ಕಡಿಮೆ, ಅದೊಂದು ಲಾಭ.

ಕರೆಂಟಿನ ವಿಷಯದಲ್ಲಿ ಮಾತ್ರ ಚೌಕಾಸಿ ಬೇಡ. ಪ್ರತ್ಯೇಕ ಲೈನ್, 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿದುಹಾಕುವ ಸ್ವಿಚ್), ಒಳ್ಳೆಯ ಅರ್ಥಿಂಗ್, ನೆಲದಿಂದ ನಾಲ್ಕಡಿ ಮೇಲೆ, ಟ್ಯಾಂಕಿನ ನೀರು ಚಿಮ್ಮದ ಕಡೆ ಸಾಕೆಟ್. ವೈರು ಸಾಕೆಟ್ಟಿಗಿಂತ ಕೆಳಗೆ ಜೋತು ಬಿದ್ದು ಆಮೇಲೆ ಮೇಲೆ ಹೋಗಲಿ, ಜಾರಿದ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಏರ್ ಪಂಪು ಮತ್ತು ಫಿಲ್ಟರ್ ಇನ್ವರ್ಟರಿನಲ್ಲಿರಬೇಕು. ಕರೆಂಟ್ ಹೋಗಿ ಕೆಲವು ಗಂಟೆಯಾದರೆ, ಮೀನು ಜಾಸ್ತಿ ಇದ್ದಾಗ, ಆಕ್ಸಿಜನ್ ಕಡಿಮೆಯಾಗುತ್ತದೆ.

ಯಾರೂ ಹೇಳದ ಒಂದು ವಿಷಯ: ಏರ್ ಪಂಪು ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಬಿಡುತ್ತದೆ. ಪಕ್ಕದಲ್ಲೇ ಸ್ಕೂಟರ್ ಸ್ಟಾರ್ಟ್ ಮಾಡಿದರೆ ಹೊಗೆ ಅದರೊಳಗೆ. ಸೊಳ್ಳೆ ಬತ್ತಿ, ಲಿಕ್ವಿಡ್, ಜಿರಳೆ ಸ್ಪ್ರೇಗಳಲ್ಲಿರುವ ಪೈರೆಥ್ರಾಯ್ಡ್ ಮೀನಿಗೆ ಬಹಳ ವಿಷ. ಬೇಸ್‌ಮೆಂಟಿನಲ್ಲಿ ಗೆದ್ದಲು ಔಷಧಿ ಹೊಡೆಸುವುದಿದ್ದರೆ ಮೀನು ಬರುವ ಮೊದಲೇ ಮುಗಿಸಿ.

8 ಅಡಿ ಟ್ಯಾಂಕ್ ಬಾಗಿಲಲ್ಲಿ ತಿರುಗುತ್ತದಾ ಅಂತ ಟೇಪ್ ಹಿಡಿದು ನೋಡಿ. ಇಲ್ಲದಿದ್ದರೆ ಗಾಜು ತಂದು ಅಲ್ಲೇ ಅಂಟಿಸುವವರಿಗೆ ಹೇಳಿ. ಸಿಲಿಕೋನ್ ಅಕ್ವೇರಿಯಂನದ್ದೇ ಆಗಿರಲಿ, ಬಾತ್‌ರೂಮಿನದ್ದರಲ್ಲಿ ಬೂಷ್ಟು ತಡೆಯುವ ಔಷಧಿ ಇರುತ್ತದೆ. ಒಂದು ವಾರ ಒಣಗಲಿ, ಇನ್ನೊಂದು ವಾರ ಬರೀ ನೀರು ತುಂಬಿ ನೋಡಿ. ಆಮೇಲೂ ಮೀನಿನ ಹೊಲಸಿನಿಂದ ಹುಟ್ಟುವ ವಿಷಕಾರಿ ಅಮೋನಿಯ ತಿನ್ನುವ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು, ಅಷ್ಟರೊಳಗೆ ಒಟ್ಟಿಗೆ ಮೀನು ಸುರಿದರೆ ಸಾಯುತ್ತವೆ. ಕಾವೇರಿ ನೀರಿನ ಕ್ಲೋರಿನ್ ತೆಗೆದು ಹಾಕಿ, ಬೋರ್‌ವೆಲ್ ನೀರಾದರೆ ಗಡಸು ನೀರು ಇಷ್ಟಪಡುವ ಆಫ್ರಿಕನ್ ಸಿಕ್ಲಿಡ್‌ ಮೀನು ಆರಿಸಿ.

ಕೊನೆಗೆ, ಮಂಜೂರಾದ ಪ್ಲಾನಿನಲ್ಲಿ ಆ ಬೇಸ್‌ಮೆಂಟನ್ನು ಪಾರ್ಕಿಂಗ್ ಅಂತ ತೋರಿಸಿದ್ದರೆ ಮೊದಲು ನಿಮ್ಮ ಎಂಜಿನಿಯರನ್ನು ಕೇಳಿ.

ಪ್ರಶ್ನೆ: ಅಪಾರ್ಟ್‌ಮೆಂಟಿನ ಮೂರನೇ ಮಹಡಿ. 4 ಅಡಿ ಟ್ಯಾಂಕ್ ಬಾಲ್ಕನಿಯಲ್ಲಿ ಇಡಬಹುದೇ?
– ಮೈಸೂರು

ಉತ್ತರ: ಬಾಲ್ಕನಿ ಬೇಡ, ಅದು ಹೊರಗೆ ಚಾಚಿದ ಸ್ಲ್ಯಾಬು. ಬಿಸಿಲೂ ಬೀಳುತ್ತದೆ. 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರಕ್ಕೆ 250 ಲೀಟರ್ ಮೇಲಾಗುತ್ತದೆ. ಹಾಲಿನಲ್ಲಿ ಬೀಮ್ ಇರುವ ಗೋಡೆಗೆ ಒತ್ತಿ, ಪಿಲ್ಲರ್ ಹತ್ತಿರ ಇಡಿ. ಎಂಜಿನಿಯರ್ ಒಮ್ಮೆ ನೋಡಿದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಸಕ್ಕರ್ ಮೀನು ಒಂದಡಿ ಬೆಳೆದಿದೆ. ಹತ್ತಿರದ ಕೆರೆಗೆ ಬಿಡಲೇ?
– ತುಮಕೂರು

ಉತ್ತರ: ದಯವಿಟ್ಟು ಬೇಡ. ದಕ್ಷಿಣ ಅಮೆರಿಕದ ಆ ಮೀನು ನಮ್ಮ ಕೆರೆಗಳಲ್ಲಿ ಮೊಟ್ಟೆ ಇಟ್ಟು ಹರಡಿದೆ, ಬಲೆಗೆ ಬಿದ್ದರೆ ಮುಳ್ಳಿನಿಂದ ಬಲೆಯನ್ನೇ ಹರಿಯುತ್ತದೆ. ತಂದ ಅಂಗಡಿಯಲ್ಲೇ ಕೇಳಿ, ಎಷ್ಟೋ ಜನ ವಾಪಸ್ ತೆಗೆದುಕೊಳ್ಳುತ್ತಾರೆ. ದುಡ್ಡು ಮಾತ್ರ ಕೇಳಬೇಡಿ.