‘ಡಾಕ್ಟರ್ ಅಲ್ಲದ ನಾನು ಬರೆದುಕೊಡಬಹುದಾ?’

ಸುಮಾ ಹಾಸನದ ಕಡೆಯವರು. ಹೆಸರು, ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆಯಿದೆ. ಮಂಗಳೂರಿನಲ್ಲಿ ನರ್ಸಿಂಗ್ ಓದಿ ಇಂಗ್ಲೆಂಡಿಗೆ ಹೋದರು. ಅಲ್ಲಿ ನರ್ಸ್‌ಗಳಿಗೆ ಔಷಧಿ ಬರೆಯುವ ಅರ್ಹತೆ ಕೊಡುವ ವಿ300 ಕೋರ್ಸ್ ಮುಗಿಸಿ ಈಗ ವಯಸ್ಕರ ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಕ್ಲಿನಿಕ್ಕಿನಲ್ಲಿ ಔಷಧಿ ಬರೆಯುವ ನರ್ಸ್. ಆಪ್ತಸಮಾಲೋಚಕಿಯಾದ ನನ್ನೊಡನೆ ವಿಡಿಯೋ ಕರೆಯಲ್ಲಿ ಮೊದಲು ಹೇಳಿದ್ದು ನಿದ್ದೆಗೇಡಿನ ವಿಷಯ: “ಮಾತ್ರೆಗಳ ಸಂಖ್ಯೆಯನ್ನ ಅಕ್ಷರದಲ್ಲೂ ಹಾಕಿದೆನಾ ಅಂತ ಮಧ್ಯರಾತ್ರಿ ಎಚ್ಚರ ಆಗುತ್ತೆ ಮೇಡಂ.”

ಅವರ ಭಯಕ್ಕೆ ಕಾರಣವಿದೆ. ಮೀಥೈಲ್‌ಫೆನಿಡೇಟ್, ಲಿಸ್‌ಡೆಕ್ಸ್‌ಆಂಫೆಟಮಿನ್ ಎರಡೂ ಎಡಿಎಚ್‌ಡಿಗೆ ಕೊಡುವ, ಅಲ್ಲಿ ಬಿಗಿ ನಿಯಂತ್ರಣದಲ್ಲಿರುವ ಔಷಧಿಗಳು. ಒಟ್ಟು ಪ್ರಮಾಣವನ್ನು ಅಂಕಿಯಲ್ಲೂ ಅಕ್ಷರದಲ್ಲೂ ನಮೂದಿಸಬೇಕು. ಚೀಟಿ 28 ದಿನ ಮಾತ್ರ ನಡೆಯುತ್ತದೆ. ಅರ್ಹತೆ ಪಡೆದ ನರ್ಸ್‌ಗಳು ಇಂಥವನ್ನು ಸ್ವತಂತ್ರವಾಗಿ ಬರೆಯಬಹುದೆಂದು ಇಂಗ್ಲೆಂಡಿನ ಕಾನೂನು ಒಪ್ಪಿದ್ದು 2012ರಲ್ಲಿ. ನಮ್ಮಲ್ಲಿ ನರ್ಸ್ ಎಂದರೆ ಡಾಕ್ಟರ್ ಬರೆದದ್ದನ್ನು ಕೊಡುವವರು. ಆ ರೂಢಿಯಲ್ಲೇ ಬೆಳೆದವರಿಗೆ ಅಧಿಕಾರ ಕಾಗದದಲ್ಲಿ ಬಂದಷ್ಟು ಬೇಗ ಮನಸ್ಸಿಗೆ ಬರುವುದಿಲ್ಲ.

ಕೆದಕಿದಾಗ ಒಂದು ಘಟನೆ ಹೊರಬಂತು. 50 ಮಿ.ಗ್ರಾಂ. ಲಿಸ್‌ಡೆಕ್ಸ್‌ಆಂಫೆಟಮಿನ್ ತೆಗೆದುಕೊಳ್ಳುತ್ತಿದ್ದ ರೋಗಿಯೊಬ್ಬರು ಗರಿಷ್ಠ 70ಕ್ಕೆ ಏರಿಸಿ ಎಂದರು. ಬಿಪಿ 150/96, ಹೆಚ್ಚಾಗಿತ್ತು. ಸ್ವಲ್ಪ ಹೊತ್ತು ಕೂರಿಸಿ ಮತ್ತೆ ನೋಡಿದರೂ ಇಳಿದಿರಲಿಲ್ಲ. ಸುಮಾ ಏರಿಸಲಿಲ್ಲ. “ನಿಜವಾದ ಡಾಕ್ಟರ್ ಎಲ್ಲಿ?” ಎಂದು ಆತ ಕೂಗಾಡಿದರು. ಹಿರಿಯ ಮನೋವೈದ್ಯರೂ ಸುಮಾ ಹೇಳಿದ್ದನ್ನೇ ಹೇಳಿದರು. ಅಂದಿನಿಂದ ಸುಮಾ ಪ್ರತಿಯೊಂದಕ್ಕೂ ಅವರನ್ನೇ ಕೇಳತೊಡಗಿದರು, ರೋಗಿಗಳು ಕಾಯತೊಡಗಿದರು.

“ಅದೇ ನಿರ್ಧಾರ ಡಾಕ್ಟರ್ ತೆಗೆದುಕೊಂಡಿದ್ದರೆ ನಿಮಗೆ ಅನುಮಾನ ಬರುತ್ತಿತ್ತಾ?” ಎಂದು ಕೇಳಿದೆ.

“ಇಲ್ಲ. ಸರಿಯಾಗಿದೆ ಅಂತಿದ್ದೆ.”

ಔಷಧಿಯ ವಿಷಯದಲ್ಲಿ ನಾನು ಹೇಳುವುದು ಏನೂ ಇಲ್ಲ. ನನ್ನ ಸಲಹೆ ಇಷ್ಟೇ ಆಗಿತ್ತು: ಡಾಕ್ಟರಿಗೆ ಫೋನ್ ಮಾಡುವ ಮೊದಲು ನಿಮ್ಮ ತೀರ್ಮಾನ, ಅದರ ಕಾರಣ ಎರಡನ್ನೂ ಪುಸ್ತಕದಲ್ಲಿ ಬರೆಯಿರಿ. ಉತ್ತರ ಗೊತ್ತಿಲ್ಲದ ಪ್ರಶ್ನೆಯಾದರೆ ತಕ್ಷಣ ಕೇಳಿ. ಹೃದಯದ ಕಾಯಿಲೆಯ ಹಿನ್ನೆಲೆ, ಸೈಕೋಸಿಸ್‌ನ (ವಾಸ್ತವದ ಅರಿವು ತಪ್ಪುವ ಸ್ಥಿತಿ) ಸುಳಿವು ಇಂಥವುಗಳಲ್ಲಿ ಹಿಂದೆ ಸರಿಯುವುದೂ ನಿಮ್ಮ ಕರ್ತವ್ಯವೇ. ಜವಾಬ್ದಾರಿ ಹಂಚಿಕೊಳ್ಳಲು ಒಬ್ಬರು ಬೇಕೆಂದು ಮಾತ್ರ ಹುಟ್ಟಿದ ಪ್ರಶ್ನೆಯನ್ನು ಸೂಪರ್‌ವಿಷನ್ ದಿನಕ್ಕೆ (ಹಿರಿಯರೊಡನೆ ಕೂತು ಕೆಲಸ ಚರ್ಚಿಸುವ ದಿನ) ಎತ್ತಿಡಿ. ಚೀಟಿಯನ್ನು ಹೊರಡುವ ಮುನ್ನ ಒಮ್ಮೆ ನೋಡಿ. ಮನೆಯಿಂದ ಮತ್ತೆ ತೆರೆಯುವುದು ಬೇಡ. 2023ರಲ್ಲಿ ಶುರುವಾದ ಔಷಧಿ ಕೊರತೆಗೆ, ಜಿಪಿಗಳು (ಅಲ್ಲಿನ ಕುಟುಂಬ ವೈದ್ಯರು) ಮುಂದೆ ಔಷಧಿ ಬರೆಯುವ ಹೊಣೆ ಒಪ್ಪದಿರುವುದಕ್ಕೆ ಬೈಗುಳ ತಿನ್ನಬೇಕಾದವರು ನೀವಲ್ಲ, ಅದನ್ನು ಮ್ಯಾನೇಜರಿಗೆ ಬರೆದು ತಿಳಿಸಿ.

ಕೂಗಾಡುವವರಿಗೆ ಹೇಳಲು ಒಂದು ಮಾತನ್ನೂ ಅಭ್ಯಾಸ ಮಾಡಿಸಿದೆ: “ನಾನು ನರ್ಸ್, ಇದನ್ನು ಬರೆಯುವ ಅರ್ಹತೆ ಇದೆ. ಇವತ್ತಿನ ನಿರ್ಧಾರ ನನ್ನದೇ. ಬೇಕಿದ್ದರೆ ಇನ್ನೊಬ್ಬರ ಅಭಿಪ್ರಾಯ ಕೇಳಬಹುದು.” ‘ನನ್ನದೇ’ ಎನ್ನುವಲ್ಲಿ ಪ್ರತಿ ಸಲವೂ ದನಿ ತಗ್ಗುತ್ತಿತ್ತು. ಅಲ್ಲಿಯೇ ನಿಲ್ಲಿಸಿ ಮತ್ತೆ ಹೇಳಿಸಿದೆ.

ಇನ್ನೊಂದು ಗಂಟು ಊರಿನದು. ದೊಡ್ಡಮ್ಮನ ಮಗಳ ಒತ್ತಾಯ: “ನಮ್ಮ ಹುಡುಗ ಓದೋಕೆ ಕೂರಲ್ಲ ಕಣೇ. ನೀನೇ ಬರೀತೀಯಲ್ಲ, ಒಂದು ಸ್ಟ್ರಿಪ್ ಕಳಿಸು.” ಸುಮಾ ಫೋನ್ ಎತ್ತುವುದನ್ನೇ ಬಿಟ್ಟಿದ್ದರು. ತಪ್ಪಿಸಿಕೊಳ್ಳದೆ ನೇರವಾಗಿ ಹೇಳಿ ಎಂದೆ: “ಅಕ್ಕಾ, ನಾನು ಬರೆಯೋದು ಈ ಕ್ಲಿನಿಕ್ಕಿನ ರೋಗಿಗಳಿಗೆ ಮಾತ್ರ. ಅವನನ್ನ ಮನೋವೈದ್ಯರಿಗೆ ತೋರಿಸು.”

ಈಗ ನಿದ್ದೆ ಬಹುಪಾಲು ಸುಧಾರಿಸಿದೆ, ಪುಸ್ತಕದಲ್ಲಿ ಸೂಪರ್‌ವಿಷನ್‌ಗೆ ಎತ್ತಿಟ್ಟ ಪ್ರಶ್ನೆಗಳು ಕಡಿಮೆಯಾಗಿವೆ. ಅಕ್ಕನಿಗೆ ಮಾತ್ರ ಸಿಟ್ಟು ಇಳಿದಿಲ್ಲ, ಗೌರಿ ಹಬ್ಬಕ್ಕೂ ಫೋನ್ ಮಾಡಲಿಲ್ಲವಂತೆ. ಮುಂದಿನ ಭೇಟಿಯಲ್ಲಿ ಅದನ್ನು ಮಾತಾಡುವುದಿದೆ.