ಎಂಟ್ ಮೈಲ್ ರೋಡ್ ದಾಟಿ ಹೋಗು ತಮ್ಮಾ

ತಮ್ಮಾ, ಜನವರಿಗೆ ಡೆಟ್ರಾಯಿಟ್ ಪಕ್ಕದ ನೋವೈ ಊರಿಗೆ ಬರ್ತಿದೀನಿ, ಮನೆ ಎಲ್ಲಿ ಹಿಡೀಲಿ, ಕಾರ್ ಏನ್ ಮಾಡ್ಲಿ, ಅಮೆರಿಕದ ಕರಿಯ ಜನರ ಹಳೇ ಸೋಲ್, ಫಂಕ್ ಹಾಡಿನ ರೆಕಾರ್ಡ್ ಹುಡುಕ್ಕೊಂಡು ಡೆಟ್ರಾಯಿಟ್ ಒಳಗೆ ಹೋದ್ರೆ ಸೇಫಾ ಅಂತ ಕೇಳಿದೀಯ. ನನಗಿಂತ ತುಂಬಾ ಚಿಕ್ಕೋನು, ಏಕವಚನದಲ್ಲೇ ಬರೀತೀನಿ.

ಮನೆ ಆಫೀಸಿಗೆ ಹತ್ರ ಹಿಡಿ. ಕಾರ್ ಇನ್ಶೂರೆನ್ಸ್ ಈ ಮಿಶಿಗನ್ ರಾಜ್ಯದಲ್ಲಿ ದುಬಾರಿ, ಮೊದಲೇ ವಿಚಾರಿಸು. ಚಳಿಗಾಲದಲ್ಲಿ ರಸ್ತೆಗೆಲ್ಲಾ ಉಪ್ಪು ಸುರೀತಾರೆ, ಹಳೇ ಕಾರ್ ಆದ್ರೆ ಬಗ್ಗಿ ಅಡಿಯಲ್ಲಿ ತುಕ್ಕು ನೋಡು. ಜಾಕೆಟ್ ಇಲ್ಲೇ ತಗೋ. ಉಳಿದಿದ್ದು ಬಂದ್ಮೇಲೆ ತಾನಾಗೇ ಗೊತ್ತಾಗುತ್ತೆ.

ನಿನ್ನ ಕೊನೇ ಪ್ರಶ್ನೆ ಓದಿ ಮಾತ್ರ ರಾತ್ರಿ ನಿದ್ದೆ ಬರ್ಲಿಲ್ಲ.

ನಾನು ಬಂದಿದ್ದು 1998ರ ಜನವರಿ. ಕಾರಿನ ಬಿಡಿಭಾಗ ಮಾಡೋ ಕಾರ್ಖಾನೇಲಿ ಕಂಪ್ಯೂಟರ್ ಕೆಲಸ. ಅಲ್ಲಿ ಒಬ್ಬರು ಹಿರಿಯರಿದ್ರು, ಕರಿಯ ಜನಾಂಗದವರು, ರಿಟೈರ್ಮೆಂಟಿಗೆ ಹತ್ರ ಇದ್ರು, ಕೆಲಸ ಮಾಡ್ತಾ ಬಾಯಲ್ಲೇ ಬೇಸ್ ಗಿಟಾರ್ ನುಡಿಸೋರು. ನಮ್ಮೂರಲ್ಲಿ ಗಣೇಶನ ಹಬ್ಬಕ್ಕೆ ಮೈಕ್ ಸೆಟ್ಟೋನು ಪ್ಲೇಟ್ ಹಾಕ್ತಿದ್ದಿದ್ದನ್ನ ಒಂದ್ಸಲ ಹೇಳ್ದೆ, ಅವರಿಗೆ ಎಷ್ಟು ಖುಷಿಯಾಯ್ತು ಅಂದ್ರೆ, ಶನಿವಾರ ಮನೆಗೆ ಬಾ, ನನ್ನ ಪ್ಲೇಟ್ ಎಲ್ಲಾ ಕೇಳಿಸ್ತೀನಿ ಅಂದ್ರು. ಅವರ ಮನೆ ಡೆಟ್ರಾಯಿಟ್ ಒಳಗೆ, ವೆಸ್ಟ್ ಗ್ರ್ಯಾಂಡ್ ಬುಲೆವಾರ್ಡ್ ರಸ್ತೆ ಹತ್ರ. ಎಂಟ್ ಮೈಲ್ ರೋಡ್ ಅಂದ್ರೆ ಡೆಟ್ರಾಯಿಟಿನ ಉತ್ತರದ ಗಡಿ, ನಮ್ಮ ರೂಮಿನ ಹುಡುಗ್ರು ಅದನ್ನ ದಾಟ್ಬೇಡ ಅಂತ ಹೆದರಿಸಿಟ್ಟಿದ್ರು. ಮನೇಲಿ ಸತ್ಯನಾರಾಯಣ ಪೂಜೆ ಇದೆ ಅಂದ್ಬಿಟ್ಟೆ. ಮೂರು ಸಲ ಕರೆದ್ರು, ಮೂರು ಸಲಾನೂ ದೇವರ ಹೆಸರಲ್ಲಿ ಸುಳ್ಳು ಹೇಳ್ದೆ. ಕರೆದೋರ ಮನೆಗೆ ಹೋಗ್ದೇ ಇದ್ರೆ ಏನರ್ಥ ಅಂತ ನಿನಗೆ ಬಿಡಿಸಿ ಹೇಳ್ಬೇಕಾ? ಅವರಿಗೂ ಅರ್ಥ ಆಯ್ತು, ಆಮೇಲೆ ಕರೀಲಿಲ್ಲ. ರಿಟೈರ್ ಆದ್ರು, ಕೆಲವು ವರ್ಷಕ್ಕೆ ತೀರ್ಕೊಂಡ್ರು ಅಂತ ಸುದ್ದಿ ಬಂತು.

ಅದಾದ್ಮೇಲೆ ನಾನು ಆ ಹಾಡುಗಳನ್ನ ಕೇಳೋಕೆ ಶುರು ಮಾಡಿದ್ದು. ಅವರು ಗುನುಗ್ತಿದ್ದಿದ್ದು ಗಾಯಕ ಮಾರ್ವಿನ್ ಗೇ 1971ರಲ್ಲಿ ಮಾಡಿದ ವಾಟ್ಸ್ ಗೋಯಿಂಗ್ ಆನ್ ಅನ್ನೋ ಎಲ್‌ಪಿ, ಬೇಸ್ ಜೇಮ್ಸ್ ಜೇಮರ್ಸನ್ ಅವರದ್ದು. ಮೊದಲನೇ ಸೈಡ್ ಹಾಕಿ ಸುಮ್ನೆ ಕೂತ್ಕೋ, ಒಂದು ಹಾಡಿನೊಳಗಿಂದ ಇನ್ನೊಂದು ಹೊರಡುತ್ತೆ, ವಿಯೆಟ್ನಾಂ ಯುದ್ಧದಿಂದ ವಾಪಸ್ ಬಂದೋನು ಊರು ನೋಡಿ ಕೇಳೋ ಪ್ರಶ್ನೆಗಳು ಅವು. ಅದನ್ನ ತಂದಿದ್ದು ಡೆಟ್ರಾಯಿಟಿನ ಮೋಟೌನ್ ಅನ್ನೋ ರೆಕಾರ್ಡ್ ಕಂಪನಿ, ಅಷ್ಟು ವರ್ಷ ತನ್ನ ಸ್ಟುಡಿಯೋದಲ್ಲಿ ನುಡಿಸಿದ ವಾದ್ಯಗಾರರ ತಂಡ ಫಂಕ್ ಬ್ರದರ್ಸ್ ಹೆಸರನ್ನ ಎಲ್‌ಪಿ ಕವರ್ ಮೇಲೆ ಹಾಕಿದ್ದು ಇದೇ ಮೊದಲು. ಬೆರಿ ಗಾರ್ಡಿ 1959ರಲ್ಲಿ ಮನೆಯವರ ಹತ್ರ 800 ಡಾಲರ್ ಸಾಲ ತಗೊಂಡು ಶುರು ಮಾಡಿದ ಕಂಪನಿ, 1972ರಲ್ಲಿ ಲಾಸ್ ಏಂಜಲೀಸಿಗೆ ಹೋಯ್ತು, ಸ್ಟುಡಿಯೋ ಇದ್ದ ಮನೆ ಈಗ ಮ್ಯೂಸಿಯಂ. ಅದೂ ವೆಸ್ಟ್ ಗ್ರ್ಯಾಂಡ್ ಬುಲೆವಾರ್ಡಲ್ಲೇ ಇದೆ. ಮೊದಲ ಸಲ ಅಲ್ಲಿ ಕಾರ್ ನಿಲ್ಲಿಸ್ದಾಗ ಇಳಿಯೋಕೆ ಕಾಲು ಬರ್ಲಿಲ್ಲ ನನಗೆ.

ಅಂಗಡೀಲಿ ಮೋಟೌನ್ ಅನ್ನೋ ಹೆಸರೊಂದನ್ನೇ ಹುಡುಕ್ಬೇಡ. ಮಾರ್ವಿನ್ ಗೇ, ಸ್ಟೀವಿ ವಂಡರ್ ಹಳೇ ಪ್ಲೇಟೆಲ್ಲಾ ಅದೇ ಕಂಪನಿಯ ಟಾಮ್ಲಾ ಅನ್ನೋ ಲೇಬಲ್, ಟೆಂಪ್ಟೇಷನ್ಸ್ ತಂಡದ್ದು ಗಾರ್ಡಿ ಲೇಬಲ್. ಸ್ಟೀವಿಯ 1973ರ ಇನ್ನರ್‌ವಿಷನ್ಸ್ ಸಿಕ್ರೆ ಬಿಡ್ಬೇಡ. ಫಂಕ್ ಬೇಕಂದ್ರೆ ಫಂಕಡೆಲಿಕ್ ತಂಡದ ಮ್ಯಾಗಟ್ ಬ್ರೇನ್, ಅದೂ 1971, ಶುರೂನಲ್ಲೇ ಎಡ್ಡಿ ಹೇಜಲ್ ಗಿಟಾರ್ ಹತ್ತು ನಿಮಿಷ. ತಾಯಿ ತೀರ್ಕೊಂಡ ಸುದ್ದಿ ಬಂದಿದೆ ಅನ್ಕೊಂಡು ನುಡಿಸು ಅಂತ ತಂಡದ ಮುಖ್ಯಸ್ಥ ಜಾರ್ಜ್ ಕ್ಲಿಂಟನ್ ಹೇಳಿದ್ರಂತೆ. ಊರು ಬಿಟ್ಟು ಬಂದ ಹೊಸತರಲ್ಲಿ ರಾತ್ರಿ ಹೊತ್ತು ಒಬ್ಬನೇ ಅದನ್ನ ಕೇಳ್ಬೇಡಪ್ಪ. ಬೇಸಿಗೇಲಿ ಪ್ಲೇಟ್ ಕಾರಲ್ಲಿ ಬಿಟ್ರೆ ಸೊಟ್ಟಗಾಗುತ್ತೆ.

ಸೇಫಾ ಅಂದ್ಯಲ್ಲ, ಬ್ಯಾಗ್ ಕಾಣೋ ಹಾಗೆ ಕಾರಲ್ಲಿ ಇಡ್ಬೇಡ, ಅಷ್ಟೇ, ಹೋಗು. ಯಾರಾದ್ರೂ ಮನೆಗೆ ಕರೆದ್ರೂ ಹೋಗು.

ಹಳೇ ಪ್ಲೇಟುಗಳ ಲೇಬಲ್ ಮೇಲೆ ಪೆನ್ನಲ್ಲಿ ಹೆಸರು ಬರ್ದಿರುತ್ತೆ, ನಮ್ಮಲ್ಲಿ ಸ್ಟೀಲ್ ಪಾತ್ರೆ ಮೇಲೆ ಹೆಸರು ಹಾಕಿಸ್ತೀವಲ್ಲ, ಹಾಗೆ, ಪಾರ್ಟಿಗೆ ತಗೊಂಡು ಹೋದ್ರೆ ಅದಲುಬದಲು ಆಗ್ಬಾರ್ದು ಅಂತ. ಅದು ನೋಡಿ ಬೆಲೆ ಕಮ್ಮಿ ಮಾಡ್ತಾರೆ. ನಾನು ಅಂಥವನ್ನೇ ಹುಡುಕಿ ತಗೋತೀನಿ, ಇವತ್ತಿಗೂ ಪ್ಲೇಟ್ ಕೈಗೆ ಬಂದ್ರೆ ಮೊದಲು ಆ ಹಿರಿಯರ ಹೆಸರಿದೆಯಾ ಅಂತ ನೋಡ್ತೀನಿ. ಇನ್ನೂ ಸಿಕ್ಕಿಲ್ಲ.

ಬಂದ ಮೊದಲನೇ ಶನಿವಾರ ನಮ್ಮನೆಗೆ ಬಾ, ಊಟ ಇಲ್ಲೇ ಮಾಡು, ಮಧ್ಯಾಹ್ನ ಜೊತೇಲೇ ಬುಲೆವಾರ್ಡಿಗೆ ಹೋಗೋಣ.