ಉತ್ತರ: ಇಬ್ಬರು ಮ್ಯಾನೇಜರ್, ಎರಡೂ ಅರ್ಜೆಂಟ್

ಇಬ್ಬರು ಮ್ಯಾನೇಜರ್ ಬೇರೆ ಬೇರೆ ಕೆಲಸ ಕೊಟ್ಟು ಎರಡೂ ಅರ್ಜೆಂಟ್ ಅನ್ನುತ್ತಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ಬಹುಶಃ ನಿಮ್ಮ ಕಂಪನಿ ಮ್ಯಾಟ್ರಿಕ್ಸ್ ರಚನೆಗೆ, ಅಂದರೆ ಒಬ್ಬ ನೌಕರ ಇಬ್ಬರು ಮ್ಯಾನೇಜರ್‌ಗಳ ಕೆಳಗೆ ಕೆಲಸ ಮಾಡುವ ಪದ್ಧತಿಗೆ ಬದಲಾಗಿದೆ, ಯಾವ ವಿಷಯದಲ್ಲಿ ಯಾರ ಮಾತು ಕೊನೆಯದು ಅಂತ ಮಾತ್ರ ಬರೆದಿಟ್ಟಿಲ್ಲ. ಅದಕ್ಕೇ ವಿಭಾಗದ ಮ್ಯಾನೇಜರ್ ಒಂದು ಕೆಲಸ, ಪ್ರಾಜೆಕ್ಟ್ ಮ್ಯಾನೇಜರ್ ಇನ್ನೊಂದು ಹೇಳುತ್ತಿರುವುದು. ಒಬ್ಬ ನೌಕರನಿಗೆ ಒಬ್ಬರೇ ಆದೇಶ ಕೊಡಬೇಕು ಅಂತ ಆಡಳಿತ ನಿರ್ವಹಣೆಯ ಬಗ್ಗೆ ಬರೆದ ಫ್ರೆಂಚ್ ಎಂಜಿನಿಯರ್ ಹೆನ್ರಿ ಫಯೋಲ್ 1916ರಲ್ಲೇ ಹೇಳಿದ್ದರು. ಮ್ಯಾಟ್ರಿಕ್ಸ್ ಬೇಕಂತಲೇ ಅದನ್ನು ಮುರಿಯುತ್ತದೆ.

ಮೊದಲು ಈ ವಾರದ ಕೆಲಸಗಳನ್ನೆಲ್ಲ ಒಂದೇ ಹಾಳೆಯಲ್ಲಿ ಬರೆಯಿರಿ: ಯಾರು ಹೇಳಿದ್ದು, ಎಷ್ಟು ಗಂಟೆ ಬೇಕು, ಯಾವತ್ತಿಗೆ ಬೇಕು. ಆಮೇಲೆ ಇಬ್ಬರಿಗೂ ಸೇರಿಸಿ ಒಂದೇ ಮೇಲ್ ಹಾಕಿ. ಬೇರೆ ಬೇರೆ ಹಾಕಬೇಡಿ, ಜಾಸ್ತಿ ಜನ ಎಡವುವುದೇ ಅಲ್ಲಿ. "ಎರಡೂ ಸೇರಿ 52 ಗಂಟೆ ಆಗುತ್ತದೆ, ನನ್ನ ಹತ್ತಿರ ಇರುವುದು 40. ಯಾವುದು ಮೊದಲು ಮಾಡಲಿ?" ಇಷ್ಟೇ ಸಾಕು. ನಾನು ಹೀಗೆ ಕಳಿಸಿದಾಗ ಇಬ್ಬರೂ ಹತ್ತು ನಿಮಿಷ ಮಾತಾಡಿ ಒಂದನ್ನು ಮುಂದಿನ ವಾರಕ್ಕೆ ತಳ್ಳಿದರು. ಒಬ್ಬರ ಪಟ್ಟಿ ಇನ್ನೊಬ್ಬರಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ!

ನಿಮ್ಮ ವಾರ್ಷಿಕ ಮೌಲ್ಯಮಾಪನ ಯಾರು ಮಾಡುತ್ತಾರೆ ಅಂತ ನೀವು ಬರೆದಿಲ್ಲ. ಮೇಲ್‌ಗೆ ಉತ್ತರ ಬರದಿದ್ದರೆ ಆ ಮೌಲ್ಯಮಾಪನ ಮಾಡುವವರ ಕೆಲಸವನ್ನೇ ಮೊದಲು ಹಿಡಿಯಿರಿ, ಹಾಗೆ ಮಾಡುತ್ತಿದ್ದೀರಿ ಅಂತ ಅದೇ ಮೇಲ್‌ನಲ್ಲಿ ಇಬ್ಬರಿಗೂ ಒಂದು ಸಾಲು ತಿಳಿಸಿ. ಮತ್ತೆ ಹೀಗೇ ಆದರೆ ಸುಮ್ನೆ ಒದ್ದಾಡಬೇಡಿ, ಇಬ್ಬರಿಗೂ ಮೇಲಿರುವವರಿಗೆ ಅದೇ ಹಾಳೆ ತೋರಿಸಿ.